ಸರತಿಯ ಸಾಲಿನ ನಿಯಮ ಬರೆಯುವವರಾರು?

(ಪಕ್ಷದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ ಊರಿಗೆ ಹಣ ಕಳುಹಿಸಲು ಕೂರುತ್ತಾನೆ. ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಗಿರಾಕಿ ಹಣ ಕೊಟ್ಟೆನೆನ್ನುತ್ತಾನೆ, ವರ್ತಕನಿಗೆ ಮುಟ್ಟಿರುವುದಿಲ್ಲ. ನಾವು ಹಣೆಬರಹವೆಂದು ಸುಮ್ಮನಾಗುತ್ತೇವೆ. ಆದರೆ ಈ ಸಾಲಿನ ನಿಯಮ ಬರೆದವರು ಮನುಷ್ಯರೇ.

ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ದಾರಿ ಇಕ್ಕಟ್ಟಾದಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಗೊತ್ತುಮಾಡಬೇಕು. 4ಜಿ ಜಾಲದಲ್ಲಿ ಇದನ್ನು ನಿರ್ಧರಿಸುವ ಯಂತ್ರ ಒಂದು, ಜಾರಿಮಾಡುವುದು ಇನ್ನೊಂದು. ದನಿಗೆ 1ನೆಯ ತರಗತಿ, 100 ಮಿಲಿಸೆಕೆಂಡಿನ ಮಿತಿ. ಸಾಮಾನ್ಯ ಇಂಟರ್‌ನೆಟ್ಟಿಗೆ ಬಹುಮಟ್ಟಿಗೆ 9ನೆಯದು, 300 ಮಿಲಿಸೆಕೆಂಡು. ಇದು ಅನ್ಯಾಯವಲ್ಲ. ಮಾತು ತುಂಡಾದರೆ ಅರ್ಥ ಕೆಡುತ್ತದೆ, ಪತ್ರ ಅರೆಕ್ಷಣ ತಡವಾದರೆ ಕೆಡದು. ಆಸ್ಪತ್ರೆಯ ಗಾಡಿಗೆ ನಾವೆಲ್ಲ ದಾರಿ ಬಿಡುತ್ತೇವೆ.

ಹಣವಂತನ ಗಾಡಿಗೂ ಬಿಡಬೇಕೆ? ಆಯ್ದ ತಾಣಗಳಷ್ಟನ್ನೇ ಪುಕ್ಕಟೆ ಕೊಡುವ ಫೇಸ್‌ಬುಕ್ಕಿನ ಯೋಜನೆ 2015ರಲ್ಲಿ ಬಂತು. ಇಂಥ ತಾರತಮ್ಯ ಬೇಡವೆಂದು ಅದೇ ವರ್ಷ 10 ಲಕ್ಷಕ್ಕೂ ಮೀರಿ ಮಿಂಚಂಚೆಗಳು ಟ್ರಾಯ್‌ಗೆ ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ. 2018ರಲ್ಲಿ ಕೇಂದ್ರ ಸರಕಾರ, ತಾಣಗಳನ್ನು ತಡೆಯಬಾರದು, ನಿಧಾನಿಸಬಾರದು, ಯಾರಿಗೂ ವಿಶೇಷ ವೇಗ ಕೊಡಬಾರದು ಎಂಬ ಷರತ್ತನ್ನು ಪರವಾನಗಿಯಲ್ಲೇ ಸೇರಿಸಿತು. ಜನ ಕೇಳಿದ್ದರಿಂದ ಸಿಕ್ಕಿದ್ದು ಇದು.

ಇನ್ನೊಂದು ಮಾತು ಒಪ್ಪಂದದ್ದು. ದೊಡ್ಡ ಕಂಪೆನಿ ತನಗೇ ಪ್ರತ್ಯೇಕ ತಂತಿ ಪಡೆಯುವಾಗ ವೇಗವೆಷ್ಟು, ತಡವೆಷ್ಟು, ನಿಂತರೆ ಪರಿಹಾರವೆಷ್ಟು ಎಂದು ಬರೆಸಿಕೊಳ್ಳುತ್ತದೆ. ನಾವೋ ಓದದೆ 'ಒಪ್ಪಿದೆ' ಎಂದು ಒತ್ತುತ್ತೇವೆ. 2024ರ ಆಗಸ್ಟಿನ ಟ್ರಾಯ್ ನಿಯಮದಂತೆ ಜಿಲ್ಲೆಯಲ್ಲಿ ಸೇವೆ 24 ಗಂಟೆ ಮೀರಿ ನಿಂತರೆ ಬಾಡಿಗೆಯಲ್ಲಿ ಕಡಿತ ಅಥವಾ ಅವಧಿ ವಿಸ್ತರಣೆ ಉಂಟು. ಒಳ್ಳೆಯದೇ. ಆದರೆ ಸಂತೆಯ ದಿನ ಆರು ಗಂಟೆ ನಿಂತರೆ ವರ್ತಕನ ಆ ದಿನದ ವ್ಯಾಪಾರವೇ ಹೋಯಿತು. ಅದಕ್ಕೆ ಈ ನಿಯಮದಲ್ಲಿ ಕಾಸೂ ಇಲ್ಲ.

ಕೂಲಿಯ ಕರಾರನ್ನು ಸಂಘ ಕಟ್ಟಿ ಬರೆಸಿಕೊಂಡವರು ನಾವು. ಇದನ್ನೂ ಹಾಗೆಯೇ ಕೇಳೋಣ. ಸೇವೆ ನಿಂತಾಗಲೆಲ್ಲ ದೂರು ಕೊಟ್ಟು ಸಂಖ್ಯೆ ಪಡೆಯಿರಿ. ತೃಪ್ತಿಯಾಗದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ದಿನ, ಗಂಟೆ, ನಷ್ಟ ಬರೆದಿಟ್ಟು ಶಾಖೆಗೆ ತನ್ನಿ. ಒಬ್ಬನ ದೂರನ್ನು ಬದಿಗಿಡಬಹುದು. ಸಾವಿರ ಜನರ ಲೆಕ್ಕವನ್ನು ಹಾಗೆ ಬದಿಗಿಡಲಾಗದು.