ರಜೆಯ ಪ್ರವಾಸ, ಮೈಸೂರಿನ ತಂಗು ಮತ್ತು ಬಂಡೀಪುರದ ಗೇಟು

(ಉಪನ್ಯಾಸದ ಪಠ್ಯ)



ಅಡಿಕೆ ಸುಲಿತ ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿಯುವ ಏಪ್ರಿಲ್ ತಿಂಗಳು ಮಲೆನಾಡಿನ ಮನೆಗಳಲ್ಲಿ ಪ್ರವಾಸದ ಮಾತು ಏಳುವ ಕಾಲ. ಈ ಸಲ ಊಟಿಯೇ ಆಗಬೇಕೆಂದು ಮಕ್ಕಳ ಒತ್ತಾಯ. ಅಜ್ಜಿಗೆ ಚಾಮುಂಡಿಬೆಟ್ಟದ ದರ್ಶನವಾಗಬೇಕು. ನಸುಕಿನಲ್ಲಿ ಸಾಗರವನ್ನೋ ತೀರ್ಥಹಳ್ಳಿಯನ್ನೋ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಮೈಸೂರು ಸೇರಿ, ಅಲ್ಲಿ ಕೆಲವು ತಾಸು ನಿಂತು ಅರಮನೆ ನೋಡಿ, ರಾತ್ರಿಯೊಳಗೆ ನೀಲಗಿರಿ ಹತ್ತಿಬಿಡುವುದೆಂದು ಮನೆಯ ಯಜಮಾನರ ಲೆಕ್ಕ. ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆಂಬ ಸಮಾಧಾನವೂ ಅದರಲ್ಲಿ ಸೇರಿರುತ್ತದೆ. ಈ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ಬಾಬ್ತೆಂದರೆ ಮೈಸೂರಿಗೂ ಊಟಿಗೂ ನಡುವೆ ಇರುವ ಕಾಡು.

ಗುಂಡ್ಲುಪೇಟೆಯಿಂದ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಕಡೆಗೆ, ಇನ್ನೊಂದು ಗೂಡಲೂರು–ಊಟಿಯ ಕಡೆಗೆ. ಎರಡೂ ರಾಷ್ಟ್ರೀಯ ಹೆದ್ದಾರಿಗಳು. ಎರಡೂ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಒಡಲನ್ನು ಸೀಳಿಯೇ ಸಾಗುತ್ತವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಎರಡರಲ್ಲೂ ವಾಹನ ಸಂಚಾರ ನಿಷಿದ್ಧ. ಆಂಬುಲೆನ್ಸಿನಂತಹ ತುರ್ತು ವಾಹನಗಳಿಗೂ ಎಣಿಕೆಯ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಹೊರಡಿಸಿದ ಈ ಆದೇಶವು ಒತ್ತಡಕ್ಕೆ ಸಿಲುಕಿ ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟಿತು. ವಿಷಯ ನ್ಯಾಯಾಲಯವನ್ನು ತಲುಪಿದ ಮೇಲೆ ಮತ್ತೆ ಜಾರಿಗೆ ಬಂತು. 2010ರ ಮಾರ್ಚಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಈ ಗೇಟನ್ನು ತೆರೆಸಲು ನಡೆದ ಪ್ರಯತ್ನಗಳು ಒಂದೆರಡಲ್ಲ. ಕಾಡಿನ ಮೇಲೆ ಮೇಲ್ಸೇತುವೆ ಕಟ್ಟುವ ಪ್ರಸ್ತಾವ ಬಂತು. 2019ರಲ್ಲಿ ವಯನಾಡಿನಲ್ಲಿ ದೊಡ್ಡ ಚಳವಳಿಯೇ ನಡೆಯಿತು. ವಯನಾಡಿನವರ ಕಷ್ಟ ಸುಳ್ಳೆನ್ನಲಾಗದು. ವ್ಯಾಪಾರಕ್ಕೂ ಚಿಕಿತ್ಸೆಗೂ ಅವರಿಗೆ ಆ ರಸ್ತೆ ಬೇಕು. ಆದರೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಹೋಗುವ ಇನ್ನೊಂದು ರಸ್ತೆ ಇದೆ. ಇನ್ನೊಂದು ಬಂಡೀಪುರ ಇಲ್ಲ.

ಈಗ ಯಜಮಾನರ ಲೆಕ್ಕಕ್ಕೆ ಮರಳುವುದು ಉಚಿತ. ಮೈಸೂರು ಅರಮನೆಯ ದೀಪಾಲಂಕಾರ ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳ ಸಂಜೆ ಸುಮಾರು 7 ಗಂಟೆಗೆ ಬೆಳಗುತ್ತದೆ. ಒಂದು ಲಕ್ಷದ ಹತ್ತಿರದ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಕಾಣದೆ ಮಕ್ಕಳು ಕದಲುವವರಲ್ಲ. ನೋಡಿ ಮುಗಿಸಿ, ವಾಹನ ನಿಲ್ಲಿಸಿದ ಜಾಗಕ್ಕೆ ನಡೆದು, ನಗರದ ಸಂದಣಿಯಿಂದ ಹೊರಬೀಳುವಷ್ಟರಲ್ಲಿ ಎಂಟೂಕಾಲು. ಗುಂಡ್ಲುಪೇಟೆ ಮೈಸೂರಿನಿಂದ ಸುಮಾರು 60 ಕಿ.ಮೀ.; ಊಟಿ ದಾರಿಯ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಅದಕ್ಕೂ ಮುಂದೆ. ನ್ಯಾಯವಾದ ವೇಗದಲ್ಲಿ 9ರೊಳಗೆ ಅಲ್ಲಿಗೆ ತಲುಪಲಾಗದು. ದೀಪಾಲಂಕಾರವನ್ನು ಬಿಟ್ಟು ಏಳಕ್ಕೇ ಹೊರಟವರೂ ಗೇಟು ಮುಚ್ಚುವ ಮುನ್ನ ನುಸುಳುವ ಆತುರದಲ್ಲಿರುತ್ತಾರೆ. ನಿಷೇಧದ ಗಂಟೆಗಳ ಬಗ್ಗೆ ಇಷ್ಟೆಲ್ಲ ವಾದವಿವಾದ ನಡೆದಿದೆಯಲ್ಲ, ಅದರ ಮುಂಚಿನ ಆ ಒಂದು ತಾಸಿನ ಬಗ್ಗೆ ಮಾತನಾಡುವವರು ಕಡಿಮೆ. ಬೇಸಿಗೆಯ ಮುಸ್ಸಂಜೆಯೆಂದರೆ ಕಡವೆ, ಜಿಂಕೆ, ಆನೆಗಳು ನೀರಿಗಾಗಿ ರಸ್ತೆ ದಾಟುವ ವೇಳೆ. ಎದುರಿನ ಪ್ರಖರ ದೀಪಕ್ಕೆ ಕಣ್ಣು ಕೋರೈಸಿದ ಜಿಂಕೆ ಓಡುವುದಿಲ್ಲ, ನಿಂತುಬಿಡುತ್ತದೆ. ಅದೇ ವೇಳೆಗೆ ಗಡಿಯಾರ ನೋಡುತ್ತ ಬರುವ ವಾಹನಗಳ ಸಾಲು ಅಲ್ಲಿಗೆ ಬಂದು ಸೇರುತ್ತದೆ.

ಆದ್ದರಿಂದ ಮೈಸೂರಿನ ತಂಗನ್ನು ರಾತ್ರಿಯ ತಂಗಾಗಿಯೇ ಯೋಜಿಸಬೇಕೆಂಬುದು ಇಲ್ಲಿನ ಮುಖ್ಯ ಸೂಚನೆ. ಅಜ್ಜಿಗೆ ಚಾಮುಂಡಿಬೆಟ್ಟ, ಮಕ್ಕಳಿಗೆ ಅರಮನೆಯ ದೀಪ. ಮೃಗಾಲಯ ನೋಡುವ ಆಸೆಯಿದ್ದವರಿಗೆ ಮಂಗಳವಾರ ಅದು ಮುಚ್ಚಿರುತ್ತದೆಂಬ ಎಚ್ಚರ. 1892ರಲ್ಲಿ ಆರಂಭವಾದ ಆ ಮೃಗಾಲಯವನ್ನು ಒಂದು ಗಂಟೆಯಲ್ಲಿ ಓಡಿ ಮುಗಿಸುವುದಕ್ಕಿಂತ ಪಕ್ಕದ ಕಾರಂಜಿ ಕೆರೆಯ ದಂಡೆಯಲ್ಲಿ ಹಕ್ಕಿಗಳನ್ನು ನೋಡುತ್ತ ಕೂರುವುದು ವೃದ್ಧರ ಕಾಲಿಗೂ ಹಿತ. ದೇವರಾಜ ಮಾರುಕಟ್ಟೆಗೆ ಹೋದರೆ ನಂಜನಗೂಡು ರಸಬಾಳೆಯನ್ನು ಕೇಳಿ ನೋಡಬೇಕು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತಳಿಯದು. ಪನಾಮಾ ಸೊರಗು ರೋಗದ ಹೊಡೆತಕ್ಕೆ ಅದರ ತೋಟಗಳು ತೀರ ಕಡಿಮೆಯಾಗಿ, ಹೆಸರಿಗೆ ಮಾತ್ರ ರಸಬಾಳೆಯೆನಿಸುವ ಬೇರೆ ಹಣ್ಣುಗಳೂ ಮಾರಾಟವಾಗುತ್ತವೆ. ನಿಜವಾದದ್ದು ಸಿಕ್ಕಿದರೆ ಬೆಲೆ ನೋಡದೆ ಕೊಳ್ಳಬಹುದು. ಬೆಳೆಯುವವನಿಗೆ ಅದೇ ಉತ್ತೇಜನ. ದಾರಿಯ ಕುರುಕಲಿಗೆ ಪ್ಲಾಸ್ಟಿಕ್ ಪೊಟ್ಟಣಗಳ ಬದಲು ಬಾಳೆಹಣ್ಣು, ಹುರಿದ ಕಡಲೆ, ಮನೆಯಿಂದ ತಂದ ಚಕ್ಕುಲಿ ಸಾಕು. ನೀರನ್ನು ಸ್ಟೀಲಿನ ಪಾತ್ರೆಗಳಿಗೆ ಮೈಸೂರಿನಲ್ಲೇ ತುಂಬಿಕೊಳ್ಳಬೇಕು.

ಬೆಳಿಗ್ಗೆ ಆರೂವರೆಗೆ ಹೊರಟರೆ ಗುಂಡ್ಲುಪೇಟೆಯಲ್ಲಿ ತಿಂಡಿ. ಹಿರಿಯರ, ಮಕ್ಕಳ ಶೌಚದ ಅಗತ್ಯವನ್ನೂ ಅಲ್ಲಿಯೇ ಮುಗಿಸಿಕೊಳ್ಳಬೇಕು; ಮುಂದೆ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ಮಳೆಗಾಲದಲ್ಲಿ ಹೋಗುವವರಿಗೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಾಣುತ್ತವೆ. ಆ ಚೆಂಡುಹೂವು ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಹೋಗುವ ಬೆಳೆ. ಛಾಯಾಚಿತ್ರಕ್ಕಾಗಿ ಸಾಲಿನೊಳಗೆ ನುಗ್ಗುವವರು ತುಳಿಯುವುದು ರೈತನ ಫಸಲನ್ನು. ಬೇಲಿಯಿಲ್ಲದ ಅಡಿಕೆ ತೋಟಕ್ಕೆ ಪ್ರವಾಸಿಗರು ನುಗ್ಗಿದಾಗ ಮಲೆನಾಡಿಗರಿಗೆ ಬರುವ ಸಿಟ್ಟು ಅಲ್ಲಿನವರಿಗೂ ಬರುತ್ತದೆ.

ಕಾಡಿನೊಳಗೆ ನಿಧಾನವಾಗಿ, ಕಿಟಕಿ ಏರಿಸಿ, ಹಾರ್ನ್ ಮಾಡದೆ ಸಾಗಿದರೆ ಸಾಕು. ಕೋತಿಗೆ ಬಿಸ್ಕತ್ತು ಎಸೆಯುವ ಪುಣ್ಯಕಾರ್ಯ ಅದನ್ನು ರಸ್ತೆಗೆ ಕರೆದು ಚಕ್ರದಡಿಗೆ ಹಾಕುತ್ತದೆ. ಉಪ್ಪಿನ ರುಚಿಗೆ ಜಿಂಕೆಯು ಪೊಟ್ಟಣವನ್ನೇ ನುಂಗುತ್ತದೆ. ಚಾಮರಾಜನಗರ–ಸತ್ಯಮಂಗಲದ ದಾರಿಯಲ್ಲಿ ಲಾರಿಗಳ ಕಬ್ಬಿನ ರುಚಿ ಹತ್ತಿದ ಆನೆಗಳು ರಸ್ತೆಯಲ್ಲೇ ಕಾದು ನಿಲ್ಲುವುದನ್ನು ಎಲ್ಲರೂ ಕೇಳಿದ್ದಾರೆ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಇಳಿದು ಆನೆಯ ಚಿತ್ರ ತೆಗೆಯಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು; ಅರಣ್ಯ ಇಲಾಖೆ 25,000 ರೂ. ದಂಡ ವಿಧಿಸಿತು. ಆನೆಯ ಪಾಲಿಗೆ ಅದು ಎಷ್ಟನೆಯ ಕ್ಯಾಮೆರಾವೋ!

ನೀಲಗಿರಿಯೂ ತನ್ನ ಬಾಗಿಲಿಗೆ ಕಾವಲು ಹಾಕಿಕೊಂಡಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲಿನಿಂದ ಜೂನ್‌ವರೆಗಿನ ಋತುವಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ನ್ಯಾಯಾಲಯ ಹಾಕಿತು. ಹೊರಡುವ ವಾರ ಯಾವ ನಿಯಮವಿದೆಯೆಂದು ವಿಚಾರಿಸಿಕೊಂಡು, ವಾಹನದ ಸಂಖ್ಯೆ ಕೊಟ್ಟು ಪಾಸನ್ನು ಮನೆಯಲ್ಲೇ ಪಡೆಯಬೇಕು. ಸಾಧ್ಯವಿದ್ದವರು ಸೋಮವಾರದಿಂದ ಗುರುವಾರದೊಳಗೆ ಊಟಿಯ ದಿನಗಳನ್ನು ಇಟ್ಟುಕೊಳ್ಳುವುದು ಲೇಸು. ಅಂದರೆ ಭಾನುವಾರದ ರಾತ್ರಿ ಮೈಸೂರಿನಲ್ಲಿ. ದೀಪವನ್ನು ನೋಡಿದ ಹಾಗೂ ಆಯಿತು. ಪ್ಲಾಸ್ಟಿಕ್ ಬಾಟಲಿಗಳನ್ನು ಗಡಿಯಲ್ಲಿಯೇ ತೆಗೆಸುತ್ತಾರೆ. ಆ ಜಿಲ್ಲೆಯಲ್ಲಿ ಪ್ಲಾಸ್ಟಿಕ್ಕಿನ ವಿರುದ್ಧದ ಕೆಲಸ ಎರಡು ದಶಕಗಳಿಗೂ ಹಿಂದಿನದು. ಮಲೆನಾಡಿನ ಜಲಪಾತಗಳ ಬುಡದಲ್ಲಿ ರಾಶಿ ಬಿದ್ದಿರುವ ಬಾಟಲಿಗಳನ್ನು ಕಂಡವರಿಗೆ ಅಲ್ಲಿನ ತಪಾಸಣೆ ಕಿರಿಕಿರಿಯೆನಿಸದೆ, ಅಸೂಯೆ ತರಿಸಿದರೆ ಒಳ್ಳೆಯದು.

ತೆಪ್ಪಕಾಡಿನಿಂದ ಮಸಿನಗುಡಿಯ ಮೂಲಕ ಕಲ್ಲಟ್ಟಿ ಏರುವ ದಾರಿ ಹತ್ತಿರದ್ದು. ಆದರೆ 36 ಹಿಮ್ಮುರಿ ತಿರುವುಗಳ ಕಡಿದಾದ ಏರು. ಆ ಘಾಟಿಯ ಅಭ್ಯಾಸವಿಲ್ಲದವರು, ಜೊತೆಗೆ ವೃದ್ಧರಿದ್ದವರು ಗೂಡಲೂರಿನ ದಾರಿ ಹಿಡಿಯುವುದೇ ಕ್ಷೇಮ. ಮರಳುವಾಗಲೂ ಇದೇ ಲೆಕ್ಕ. ಊಟಿಯನ್ನು ಬೆಳಗಿನ ತಿಂಡಿಯಾದೊಡನೆ ಬಿಟ್ಟರೆ ಮಧ್ಯಾಹ್ನದ ಬಿಸಿಲಿನಲ್ಲಿ, ಪ್ರಾಣಿಗಳು ನೆರಳಿಗೆ ಸರಿದಿರುವಾಗ, ಕಾಡನ್ನು ದಾಟಬಹುದು. ಊಟವನ್ನು ಗುಂಡ್ಲುಪೇಟೆಗೋ ನಂಜನಗೂಡಿಗೋ ಇಟ್ಟುಕೊಳ್ಳಬಹುದು. ಚಾಕೊಲೇಟು, ನೀಲಗಿರಿ ಎಣ್ಣೆಯ ಖರೀದಿಯನ್ನು ಹಿಂದಿನ ಸಂಜೆಯೇ ಮುಗಿಸಿಟ್ಟರಾಯಿತು.