ಗೃಹಜೀವನದಲ್ಲಿ ಆನಂದ

(ಶ್ರೀಮಠದ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಠದ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)

 

ಈ ಗೋಷ್ಠಿಯಲ್ಲಿ ಷಟ್‌ಸ್ಥಲ, ಅಷ್ಟಾವರಣ ಮೊದಲಾದ ಗಹನವಾದ ವಿಷಯಗಳನ್ನು ಕುರಿತು ವಿದ್ವಾಂಸರು ವಿವೇಚಿಸಿರುವರು. ಗೃಹಜೀವನದ ಆನಂದವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುತ್ತದೆ. ಮೇಲುನೋಟಕ್ಕೆ ಇದು ಲಘುವಾದ ವಿಷಯವೆಂದು ತೋರಬಹುದು. ಆದರೆ ಇಲ್ಲಿ ನೆರೆದಿರುವವರಲ್ಲಿ ಸಂಸಾರವನ್ನು ತೊರೆದವರು ಬೆರಳೆಣಿಕೆಯಷ್ಟು ಮಂದಿ, ಉಳಿದವರೆಲ್ಲರೂ ಗೃಹಸ್ಥರು. ಅವರ ಆಯುಷ್ಯವು ಕಳೆಯುವುದು ಅಡಿಗೆಯ ಮನೆಯಲ್ಲಿ, ಮಕ್ಕಳ ಹಾಸಿಗೆಯ ಬಳಿಯಲ್ಲಿ, ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ. ಅಲ್ಲಿ ಸಿಕ್ಕದ ಆನಂದವು ಅವರಿಗೆ ಮತ್ತೆಲ್ಲಿ ಸಿಕ್ಕೀತು? ಆದಕಾರಣ ಈ ವಿಷಯವು ಲಘುವಲ್ಲ. ನಮಗೆ ಅತ್ಯಂತ ಸಮೀಪವಾದದ್ದು.

ಮೊದಲು ನಾವು ಇರುವ ನೆಲೆಯನ್ನು ನೋಡೋಣ. ನಮ್ಮ ಭಕ್ತರಲ್ಲಿ ಬಹುಮಂದಿ ಬೆಂಗಳೂರಿನ ಅಂಚಿನಲ್ಲಿ ದುಡಿಯುವವರು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರವರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ದಯಪಾಲಿಸಿದ ಭೂಮಿಯಲ್ಲಿ ಹುಟ್ಟಿದ ಹಳ್ಳಿಯಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯು ಶ್ರೀ ಆರ್. ಕೆ. ಬಾಳಿಗರವರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯಿಂದ ಮೊದಲಾಯಿತು. ಪೀಣ್ಯವಾದರೋ ಲೇತ್ ಯಂತ್ರಗಳ, ಅಚ್ಚುಗಳ, ಸಿದ್ಧ ಉಡುಪುಗಳ ಊರು. ಆ ಮೂರು ಕಡೆಗಳಿಗೂ ರಾಯಚೂರು, ಕಲಬುರಗಿ, ವಿಜಯಪುರ, ತುಮಕೂರು ಸೀಮೆಗಳಿಂದ ಜನರು ಹೊಟ್ಟೆಪಾಡಿಗಾಗಿ ಬಂದು ನೆಲಸಿರುವರು. ಒಂದೇ ಮನೆಯಲ್ಲಿ ಗಂಡನಿಗೆ ರಾತ್ರಿಯ ಪಾಳಿ, ಹೆಂಡತಿಗೆ ಹಗಲಿನ ಪಾಳಿ. ಅವನು ಬಾಗಿಲು ತೆರೆದು ಒಳಗೆ ಬರುವಾಗ ಅವಳು ಬುತ್ತಿಯನ್ನು ಹಿಡಿದು ಹೊರಗೆ ಹೊರಟಿರುವಳು.

ಸಂಸಾರವೆಂಬ ಶಬ್ದವನ್ನು ವಿಚಾರಿಸಿರಿ. ‘ಸೃ’ ಎಂಬ ಧಾತುವಿಗೆ ಸಾಗುವುದೆಂದು ಅರ್ಥ. ‘ಸಂ’ ಎಂಬ ಉಪಸರ್ಗಕ್ಕೆ ಕೂಡಿ ಎಂಬ ಅರ್ಥವುಂಟು. ಶಾಸ್ತ್ರಕಾರರು ಹುಟ್ಟುಸಾವುಗಳ ಸುತ್ತಾಟವೆಂಬರ್ಥದಲ್ಲಿ ಇದನ್ನು ಬಳಸಿರುವರು. ನಮ್ಮ ತಾಯಂದಿರು ಮನೆವಾರ್ತೆಯೆಂಬರ್ಥದಲ್ಲಿ ಬಳಸುವರು. ಈ ಎರಡನೆಯ ಅರ್ಥದಲ್ಲಿ ಹೇಳುವುದಾದರೆ, ಕೂಡಿ ಸಾಗುವುದೇ ಸಂಸಾರ. ಇಂದಿನ ಮನೆಗಳಲ್ಲಿ ಧಾತುವು ಉಳಿದಿದೆ, ಉಪಸರ್ಗವು ಲೋಪವಾಗಿದೆ! ಎಲ್ಲರೂ ಸಾಗುತ್ತಿರುವರು, ಕೂಡಿ ಸಾಗುವವರು ವಿರಳ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೋ ರೈಲು ಬಂದು ದಾರಿಯ ಕಾಲವು ಕಡಮೆಯಾಯಿತು, ಒಳ್ಳೆಯದೇ ಆಯಿತು. ಆದರೆ ಹಾಗೆ ಉಳಿದ ಗಳಿಗೆಯು ಮನೆಗೆ ಸೇರಿತೇ? ಅಥವಾ ಮತ್ತೊಂದು ದುಡಿಮೆಗೋ, ಕೈಯಲ್ಲಿರುವ ಮೊಬೈಲಿಗೋ ಸೇರಿತೇ? ಇದನ್ನು ಪ್ರತಿಯೊಬ್ಬರೂ ತಮ್ಮತಮ್ಮಲ್ಲಿಯೇ ಕೇಳಿಕೊಳ್ಳತಕ್ಕುದು.

ಲೋಪವಾದ ಆ ಕೂಡುವಿಕೆಯನ್ನು ಮರಳಿ ಪಡೆಯುವ ದಾರಿಯನ್ನು ಶರಣರು ತಮ್ಮ ನಡೆಯಿಂದ ತೋರಿರುವರು. ಸಾಕೆಂಬ ಅರಿವು ಆನಂದಕ್ಕೆ ತಾಯಿ. ಕೃತಜ್ಞತೆ ಅದರ ಹಾಲು. ಪ್ರತಿಭೆ ಅದರ ಫಲ. ಈ ಮೂರನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ಸಾಕೆಂಬ ಅರಿವು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳನ್ನು ನೀವೆಲ್ಲರೂ ಬಲ್ಲಿರಿ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪರಂಪರೆಯು ಹೇಳುವ ಇವರು ಕಲ್ಯಾಣಕ್ಕೆ ಬಂದು ನೆಲಸಿದರು. ದುಡಿಮೆಯನ್ನು ಅರಸಿ ಊರು ಬಿಟ್ಟು ಬಂದ ನಮ್ಮ ಭಕ್ತರಿಗೆ ಇವರಿಗಿಂತ ಹತ್ತಿರದ ನೆಂಟರು ಯಾರು? ಮಾರಯ್ಯನವರ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಲಕ್ಕಮ್ಮನವರದು ಅದನ್ನು ಅಡಿಗೆ ಮಾಡಿ ದಾಸೋಹ ನಡೆಸುವುದು.

ಒಂದು ದಿನ ಮಾರಯ್ಯನವರು ಅನುಭಾವದ ಮಾತುಗಳಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನವರು ಎಚ್ಚರಿಸಿದರಂತೆ. ಅವರು ಅವಸರವಾಗಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮ್ಮ ದಿನದ ಅಳತೆಗೆ ಮೀರಿದ್ದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿದರು. ಈ ಕಥೆಯಲ್ಲಿ ಎರಡು ಎಚ್ಚರಿಕೆಗಳಿರುವುದನ್ನು ಗಮನಿಸಬೇಕು. ದುಡಿಯದೆ ಕುಳಿತಾಗಲೂ ಎಚ್ಚರಿಕೆ. ಅಳತೆ ಮೀರಿ ತಂದಾಗಲೂ ಎಚ್ಚರಿಕೆ. ಮೊದಲನೆಯದನ್ನು ನಾವು ಮಕ್ಕಳಿಗೆ ದಿನವೂ ಹೇಳುತ್ತೇವೆ, ಎರಡನೆಯದನ್ನು ಮರೆತಿದ್ದೇವೆ.

ಇಂದು ಆ ಹೆಚ್ಚಿನ ಅಕ್ಕಿಯು ಯಾವ ರೂಪದಲ್ಲಿ ಮನೆಗೆ ಬರುತ್ತಿದೆ? ಓವರ್‌ಟೈಮಿನ ರೂಪದಲ್ಲಿ ಬರುತ್ತಿದೆ. ಕಂತಿನ ಸಾಲದ ರೂಪದಲ್ಲಿ ಬರುತ್ತಿದೆ. ಮನೆಯವರಿಗಾಗಿ ಎಂದು ದೊಡ್ಡ ಟಿ.ವಿ.ಯನ್ನು ಕಂತಿನಲ್ಲಿ ಕೊಳ್ಳುತ್ತೇವೆ. ಕಂತು ತೀರಿಸುವುದಕ್ಕಾಗಿ ಮನೆಯವರ ಜತೆ ಕುಳಿತುಕೊಳ್ಳುವ ಭಾನುವಾರವನ್ನು ಮಾರುತ್ತೇವೆ. ಕೊನೆಗೆ ಟಿ.ವಿ. ಇರುತ್ತದೆ, ಅದರೆದುರಿಗೆ ಕೂಡಿ ಕುಳಿತುಕೊಳ್ಳುವವರು ಇರುವುದಿಲ್ಲ! ಲಕ್ಕಮ್ಮನವರ ಪ್ರಶ್ನೆಯನ್ನು ಕೇಳುವ ಧೈರ್ಯವು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಿಗಾದರೂ ಇರಬೇಕು; ಅದನ್ನು ಕೋಪಿಸಿಕೊಳ್ಳದೆ ಕೇಳುವ ಕಿವಿಯು ಮತ್ತೊಬ್ಬರಿಗೆ ಇರಬೇಕು.

ಇಲ್ಲಿ ಒಂದು ಶಂಕೆಗೆ ಸಮಾಧಾನವನ್ನು ಹೇಳಬೇಕಾಗಿದೆ. ತಿಂಗಳ ಸಂಬಳವು ಬಾಡಿಗೆಗೂ ಮಕ್ಕಳ ಶುಲ್ಕಕ್ಕೂ ಸಾಲದವನಿಗೆ ‘ಸಾಕೆನ್ನು’ ಎಂದು ಬೋಧಿಸುವುದು ಧರ್ಮವಲ್ಲ, ಕ್ರೌರ್ಯ. ಸಾಕೆಂಬ ಮಾತು ತನ್ನ ಬಯಕೆಗೆ ತಾನು ಹೇಳಿಕೊಳ್ಳತಕ್ಕುದು; ಉಳ್ಳವನು ಇಲ್ಲದವನಿಗೆ ಹೇಳತಕ್ಕುದಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯಲು ಹಾಕಿದ್ದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಂದರು. ಕೇಂದ್ರಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರು ಕೇಳಿದ್ದು ಪರರ ಹಣವನ್ನಲ್ಲ. ಮಗಳ ಮದುವೆಗೂ ಮಗನ ಓದಿಗೂ ಕೂಡಿಟ್ಟ ತಮ್ಮ ಬೆವರಿನ ಹಣವನ್ನು. ತನ್ನ ನ್ಯಾಯವಾದ ಪಾಲನ್ನು ಕೇಳುವುದು ಆಸೆಬುರುಕತನವಲ್ಲ. ಅಳತೆ ಮೀರಿದುದನ್ನು ಒಲ್ಲೆನೆಂದ ಲಕ್ಕಮ್ಮನವರು ಅಳತೆಗೆ ಕಡಮೆಯಾದರೆ ದಾಸೋಹವೇ ನಿಲ್ಲುವುದೆಂಬುದನ್ನೂ ಬಲ್ಲವರಾಗಿದ್ದರು.

ಎರಡನೆಯದು ಕೃತಜ್ಞತೆ. ಮಾಡಿದುದನ್ನು ಬಲ್ಲವನು ಕೃತಜ್ಞ. ಮಾಡಿದುದನ್ನು ಅಳಿಸುವವನು ಕೃತಘ್ನ. ಬಲ್ಲವನೆಂಬ ಅಂಶವನ್ನು ಗಮನಿಸಿರಿ. ಬಾಯಿಯಲ್ಲಿ ವಂದನೆಯನ್ನು ಹೇಳಿದ ಮಾತ್ರಕ್ಕೆ ಕೃತಜ್ಞತೆಯಾಗದು. ಯಾರು, ಏನು, ಎಷ್ಟು ಕಷ್ಟದಿಂದ ಮಾಡಿದರೆಂಬುದನ್ನು ತಿಳಿದಿರಬೇಕು.

ಒಂದು ಲೋಟ ಕಾವೇರಿಯ ನೀರನ್ನೇ ತೆಗೆದುಕೊಳ್ಳಿರಿ. ಅದು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಹಂತಗಳಲ್ಲಿ ಸುಮಾರು 500 ಮೀಟರು ಎತ್ತರಕ್ಕೆ ಏರಿ ನಮ್ಮ ನಲ್ಲಿಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ವೈಟ್‌ಫೀಲ್ಡಿನ ಬಹುಮಹಡಿಯ ಮನೆಗಳವರೂ ಟ್ಯಾಂಕರಿನ ದಾರಿಯನ್ನು ಕಾದರು. ಅದೇ ವರ್ಷ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಐದನೆಯ ಹಂತದ ಯೋಜನೆಯು ಉದ್ಘಾಟನೆಯಾಯಿತು. ಇಷ್ಟನ್ನು ಬಲ್ಲ ತಾಯಿಯು ಲೋಟವನ್ನು ಮಗುವಿನ ಕೈಗೆ ಕೊಡುವಾಗ, ‘ಕಂದಾ, ಈ ನೀರು ಬಹಳ ದೂರ ನಡೆದು ಬಂದಿದೆ’ ಎಂದು ಹೇಳಿದರೆ, ಆ ಮಗುವು ನೀರನ್ನು ಚೆಲ್ಲುವುದೇ?

ನೀರಿನ ದೂರವನ್ನು ಬಲ್ಲವರು ಮನೆಯೊಳಗಿನ ಶ್ರಮದ ದೂರವನ್ನೂ ಬಲ್ಲವರಾಗಬೇಕು. ಕಾರ್ಖಾನೆಯಲ್ಲಿ ಎಂಟು ಗಂಟೆ ಹೊಲಿದು ಬಂದ ಹೆಣ್ಣುಮಗಳು ಮನೆಯಲ್ಲಿ ಪುನಃ ಒಲೆಯ ಮುಂದೆ ನಿಲ್ಲುವಳು. ಇದಕ್ಕೆ ಪಂಚಿಂಗ್ ಕಾರ್ಡಿಲ್ಲ, ಸಂಬಳವಿಲ್ಲ, ರಜೆಯಿಲ್ಲ. ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ಹಾಗಿರಲು, ಪಾತ್ರೆ ತೊಳೆಯುವುದರಿಂದ ಗಂಡಸಿನ ಗೌರವವು ಕುಂದುವುದೆಂದು ತಿಳಿಯುವ ಭಕ್ತನು ಕಾಯಕದ ಅರ್ಥವನ್ನೇ ತಿಳಿದವನಲ್ಲ. ಹೆಂಡತಿಯ ಬೆನ್ನಿನ ನೋವನ್ನು ಬಲ್ಲ ಗಂಡನು ಕೃತಜ್ಞನು. ಬಲ್ಲೆನೆಂಬುದಕ್ಕೆ ಸಾಕ್ಷಿಯು ಅವನ ಕೈಯಲ್ಲಿರುವ ಪೊರಕೆ! ಹಾಗೆಯೇ, ರಾತ್ರಿಯಿಡೀ ಯಂತ್ರದ ಮುಂದೆ ನಿಂತು ಬಂದವನು ಹಗಲಿನಲ್ಲಿ ಮಲಗಿರುವಾಗ ಸದ್ದಿಲ್ಲದೆ ಆಡುವ ಮಕ್ಕಳೂ ಕೃತಜ್ಞರೇ.

ಮೂರನೆಯದು ಪ್ರತಿಭೆ. ಹೊಸಹೊಸದನ್ನು ಅರಳಿಸುವ ಬುದ್ಧಿಗೆ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟಿರುವರು. ಅದು ಕವಿಗಳ ಸೊತ್ತು, ನಮಗೇಕೆ ಎನ್ನಬೇಡಿರಿ. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಊರ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅದನ್ನು ಓದಿ ನಾಡಿನ ಪಂಡಿತರು ತಲೆದೂಗಿದರು. ಆ ಹಾಡುಗಳನ್ನು ಕಟ್ಟಿದವರು ಯಾರು? ಹೆಸರೇ ತಿಳಿಯದ ತಾಯಂದಿರು. ಎಲ್ಲಿ ಕಟ್ಟಿದರು? ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ. ಅವರು ಬೀಸುವುದನ್ನು ನಿಲ್ಲಿಸಿ ಹಾಡಲಿಲ್ಲ, ಬೀಸುತ್ತ ಹಾಡಿದರು. ದುಡಿಮೆಯ ಭಾರವೇ ಹಾಡಿನ ತಾಳವಾಯಿತು. ಅದೇ ಸೀಮೆಯ ಹೆಂಗಸರು ಹರಿದ ಸೀರೆಯ ತುಂಡುಗಳಿಂದ ಕೌದಿಯನ್ನು ಹೊಲಿಯುವರು. ಅಜ್ಜಿಯ ಸೀರೆಯೂ ಮಗುವಿನ ಅಂಗಿಯೂ ಅದರಲ್ಲಿ ಒಂದಾಗುವುವು.

ಶರಣರ ವಚನಗಳೂ ಹೀಗೆಯೇ ಹುಟ್ಟಿದವು. ಅಂಬಿಗರ ಚೌಡಯ್ಯನವರಿಗೆ ದೋಣಿಯೂ, ಕದಿರ ರೆಮ್ಮವ್ವೆಗೆ ರಾಟಿಯೂ ನುಡಿಯ ಸಾಮಗ್ರಿಗಳಾದುವು. ಮೂವತ್ತಕ್ಕೂ ಹೆಚ್ಚು ಮಂದಿ ಶಿವಶರಣೆಯರ ವಚನಗಳು ನಮಗೆ ದೊರೆತಿರುವುವು. ಅವರಲ್ಲಿ ಬಹುಮಂದಿ ಮನೆವಾರ್ತೆಯನ್ನು ನಡೆಸಿದವರೇ. ಆ ವಚನಗಳ ತಾಳೆಯೋಲೆಯ ಕಟ್ಟುಗಳನ್ನು ಶತಮಾನಗಳ ಕಾಲ ಕಾಪಾಡಿದವರಲ್ಲಿ ಮಠಗಳಂತೆ ಗೃಹಸ್ಥರೂ ಇದ್ದರು. ಶ್ರೀ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಬಾಗಿಲಿಗೆ ಹೋಗಿ ಅವನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ದೇವರ ಜಗುಲಿಯ ಮೇಲೆ ಯಾವಳೋ ಒಬ್ಬ ತಾಯಿ ಧೂಳು ಒರಸಿ ಇಡದಿದ್ದರೆ, ಪಾಠಶಾಲೆಯಲ್ಲಿ ನಾವು ಓದುವುದಕ್ಕೆ ಏನಿರುತ್ತಿತ್ತು?

ಪ್ರತಿಭೆಗೆ ಸ್ಥಳ ಸಾಲದೆಂದು, ಒಂದು ಕೋಣೆಯ ಬಾಡಿಗೆಯ ಮನೆಯಲ್ಲಿ ಏನಾದೀತೆಂದು ಕೇಳುವವರುಂಟು. ಅವರು ಪೀಣ್ಯದ ಚರಿತ್ರೆಯನ್ನೇ ನೋಡಲಿ. ಭಾರತದ ಮೊದಲ ಉಪಗ್ರಹವಾದ ‘ಆರ್ಯಭಟ’ವು ಉಡುಪಿ ರಾಮಚಂದ್ರ ರಾಯರ ನೇತೃತ್ವದಲ್ಲಿ ಸಿದ್ಧವಾದುದು ಇದೇ ಪೀಣ್ಯದ ಸಾಮಾನ್ಯವಾದ ಕೈಗಾರಿಕಾ ಶೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ನೆಲದಿಂದ ಆಕಾಶಕ್ಕೇರಿತು. ಆಕಾಶಕ್ಕೇರುವ ವಸ್ತುವಿಗೆ ಶೆಡ್ಡು ಸಾಕಾಗಿರಲು, ಮಗುವಿನ ಮುಖವನ್ನು ಅರಳಿಸುವ ಕಥೆಗೆ ನಮ್ಮ ಕೋಣೆ ಸಾಲದೇ? ಬೀಸುವ ಕಲ್ಲಿನ ಸ್ಥಾನಕ್ಕೆ ಮಿಕ್ಸಿ ಬಂದಿದೆ. ಅದರ ಗದ್ದಲದಲ್ಲಿ ಹಾಡುವುದು ಶಕ್ಯವಿಲ್ಲ, ನಿಜ. ಆದರೆ ಅದು ಉಳಿಸಿಕೊಟ್ಟ ಗಳಿಗೆಯಲ್ಲಿ ಹಾಡಬಹುದಷ್ಟೆ! ಸಾಫ್ಟ್‌ವೇರ್ ಬರೆಯುವ ತಂದೆಯು ಮಗಳೊಡನೆ ಹೊಸಿಲ ಮುಂದೆ ರಂಗೋಲಿಯ ಚುಕ್ಕೆಗಳನ್ನು ಎಣಿಸಲಿ. ಲೆಕ್ಕವೂ ಚೆಲುವೂ ಒಂದೇ ಕಡೆ ಸಿಕ್ಕುವುವು.

ಉಪನ್ಯಾಸವನ್ನು ಕೇಳಿ ಮನೆಗೆ ಹೋಗುವವರ ಕೈಯಲ್ಲಿ ಏನಾದರೂ ಇರಬೇಕಷ್ಟೆ. ಆದುದರಿಂದ ನಾಲ್ಕು ಸಣ್ಣ ನೇಮಗಳನ್ನು ಅರಿಕೆಮಾಡುತ್ತೇನೆ. ದಿನಕ್ಕೊಂದು ಊಟವನ್ನು, ಪಾಳಿಯು ಬಿಡದಿದ್ದರೆ ವಾರಕ್ಕೊಂದು ಊಟವನ್ನಾದರೂ, ಮೊಬೈಲುಗಳನ್ನು ಗೂಡಿನಲ್ಲಿಟ್ಟು ಎಲ್ಲರೂ ಕೂಡಿ ಮಾಡಿರಿ. ಆ ಊಟದಲ್ಲಿ ಪ್ರತಿಯೊಬ್ಬರೂ ಅಂದು ತಮಗೆ ಉಪಕಾರ ಮಾಡಿದ ಒಬ್ಬರನ್ನು ಹೆಸರು ಹಿಡಿದು ನೆನೆಯಿರಿ. ಅವರು ಬಸ್ಸಿನ ಕಂಡಕ್ಟರಾಗಿರಬಹುದು, ಪಕ್ಕದ ಮನೆಯ ಅಜ್ಜಿಯಾಗಿರಬಹುದು. ಹೊಸ ಸಾಲವನ್ನಾಗಲಿ ಹೆಚ್ಚಿನ ಪಾಳಿಯನ್ನಾಗಲಿ ಒಪ್ಪುವ ಮೊದಲು ಗಂಡಹೆಂಡಿರು ಕುಳಿತು, ಇದು ಕೊರತೆಯನ್ನು ತುಂಬುವುದೋ ಬಯಕೆಯನ್ನು ಬೆಳೆಸುವುದೋ ಎಂದು ವಿಚಾರಿಸಿರಿ. ಮನೆಯ ಹಿರಿಯರು ಬಲ್ಲ ಹಾಡನ್ನೋ ಕಥೆಯನ್ನೋ ಅಡಿಗೆಯ ಕ್ರಮವನ್ನೋ ತಿಂಗಳಿಗೊಂದರಂತೆ ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಇದಕ್ಕೆ ಹಣವು ಬೇಡ, ಮನಸ್ಸು ಬೇಕು.

ಪೀಣ್ಯದ ಮಗ್ಗುಲಲ್ಲಿ ಹಾದುಹೋಗುವ ಹೆದ್ದಾರಿಯಲ್ಲಿ ತುಮಕೂರಿನ ಕಡೆಗೆ ಸಾಗಿದರೆ ಶ್ರೀ ಸಿದ್ಧಗಂಗಾ ಕ್ಷೇತ್ರವು ಸಿಕ್ಕುವುದು. 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ದಶಕಗಳ ಕಾಲ ಅಲ್ಲಿ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಸಂಸಾರವನ್ನು ತೊರೆದವರು ಅಷ್ಟು ದೊಡ್ಡ ಸಂಸಾರವನ್ನು ಹೊತ್ತರು! ಸಂಸಾರದಲ್ಲಿರುವ ನಾವು ನಾಲ್ಕು ಮಂದಿಯ ಮನೆಯನ್ನು ದಾಸೋಹದ ಮನೆಯೆಂದು ತಿಳಿದು ನಡೆಸಲಾರೆವೇ? ಉಣಿಸುವವರು, ಉಣ್ಣುವವರು, ಉಂಡೆವೆಂದು ನೆನೆಯುವವರು ಒಂದೇ ಸೂರಿನಡಿಯಲ್ಲಿ ಕೂಡಿದಾಗ ಲೋಪವಾಗಿದ್ದ ಉಪಸರ್ಗವು ಮರಳಿ ಬರುವುದು. ಸಂಸಾರವೆಂಬ ಪದವು ಪೂರ್ಣವಾಗುವುದು.

ನಿಮ್ಮೆಲ್ಲರ ಮನೆಗಳಲ್ಲಿ ಅಳತೆಯ ಅಕ್ಕಿಯೂ ಅಳತೆ ಮೀರಿದ ನಗೆಯೂ ನೆಲಸಲೆಂದು ಪ್ರಾರ್ಥಿಸುತ್ತೇನೆ.