ಕೈಗಂಟಿದ ಡಾಂಬರು, ಹಳ್ಳ ಸೇರುವ ಸೀಮೆಎಣ್ಣೆ

(ಮಳೆಗಾಲಕ್ಕೆ ಮುಂಚಿನ ಮನೆ ರಿಪೇರಿಯನ್ನು ಕುರಿತು ನಡೆದ ಗ್ರಾಮ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಲಸಿನ ಹಣ್ಣು ಕೊಯ್ಯಲು ಕುಳಿತ ಮಲೆನಾಡಿನ ಗೃಹಿಣಿ ಮೊದಲು ಮಾಡುವ ಕೆಲಸ ಕತ್ತಿ ಹಿಡಿಯುವುದಲ್ಲ, ಎಣ್ಣೆಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು. ಅಂಗೈಗೆ, ಬೆರಳ ಸಂದಿಗೆ, ಕತ್ತಿಯ ಅಲಗಿಗೆ ತೆಂಗಿನೆಣ್ಣೆ ಸವರಿದ ಮೇಲೆಯೇ ಹಣ್ಣಿಗೆ ಕತ್ತಿ ತಾಗುತ್ತದೆ. ಕೆಲಸ ಮುಗಿದ ಮೇಲೂ ಅಲ್ಲಲ್ಲಿ ಉಳಿದ ಮೇಣವನ್ನು ಆಕೆ ಎಣ್ಣೆಯಿಂದಲೇ ತಿಕ್ಕಿ ಬಿಡಿಸುತ್ತಾಳೆ. ಅನಂತರ ಸೀಗೆಪುಡಿಯಿಂದಲೋ ಸಾಬೂನಿನಿಂದಲೋ ಕೈ ತೊಳೆಯುತ್ತಾಳೆ. ನೀರಿನಿಂದ ಆರಂಭಿಸಿದರೆ ಮೇಣ ಬಿಡದು ಎಂಬುದನ್ನು ಆಕೆಗೆ ಯಾವ ಶಾಲೆಯೂ ಕಲಿಸಿದ್ದಲ್ಲ.

ಅದೇ ಮನೆಯಲ್ಲಿ ಮೇ ತಿಂಗಳ ಕೊನೆಗೆ ಕಾಣುವ ದೃಶ್ಯ ಬೇರೆ. ಮಳೆ ಹಿಡಿಯುವುದರೊಳಗೆ ತಾರಸಿಯ ಬಿರುಕಿಗೆ, ತಗಡಿನ ಜೋಡಣೆಗೆ ಡಾಂಬರು ಬೀಳಬೇಕು. ಪಕಾಸುಗಳಿಗೆ ಗೆದ್ದಲು ಹತ್ತದಂತೆ ಗೇರೆಣ್ಣೆ ಬಳಿಯಬೇಕು. ಕಿಟಕಿ ಬಾಗಿಲುಗಳಿಗೆ ಎಣ್ಣೆಬಣ್ಣ, ಸೋರುವ ಪೈಪಿಗೆ ಎಪಾಕ್ಸಿ ಮುದ್ದೆ. ಸಂಜೆ ಕೆಲಸ ಮುಗಿಸಿ ಕೆಳಗಿಳಿದ ಆಳಿಗೆ ಮನೆಯ ಯಜಮಾನರು ಬಾಟಲಿಯಲ್ಲಿ ಸೀಮೆಎಣ್ಣೆ ತಂದುಕೊಡುತ್ತಾರೆ. ಅದು ಸಿಗದಿದ್ದರೆ ಬೈಕಿನಿಂದ ತೆಗೆದ ಪೆಟ್ರೋಲು, ಇಲ್ಲವೆ ಬಣ್ಣಕ್ಕೆಂದು ತಂದ ಥಿನ್ನರ್. ಉಪಕಾರವೆಂದೇ ಕೊಡುತ್ತಾರೆ. ಆತ ಅದನ್ನು ಮೊಣಕೈಯವರೆಗೂ ಸುರಿದುಕೊಂಡು ಉಜ್ಜಿ, ಬಚ್ಚಲಿನಲ್ಲಿ ತೊಳೆದು ಮನೆಗೆ ಹೊರಡುತ್ತಾನೆ. ಬಚ್ಚಲಿನ ನೀರು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಅಡುಗೆಮನೆಯಲ್ಲಿದ್ದ ವಿವೇಕ ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಯಿತು? ಇಂದಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಚರ್ಮವೆಂಬ ಗೋಡೆ

ಹಲಸಿನ ಮೇಣ ಸ್ವತಃ ಒಂದು ರಿಪೇರಿ ಸಾಮಗ್ರಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಒಡೆದ ಮಣ್ಣಿನ ಪಾತ್ರೆ ಅಂಟಿಸಲು, ತೂತು ಮುಚ್ಚಲು ಅದು ಬಳಕೆಯಲ್ಲಿತ್ತು. ಅದರಲ್ಲಿರುವ ರಾಳ ಮತ್ತು ರಬ್ಬರಿನ ಅಂಶಗಳು ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಸಡಿಲಗೊಳ್ಳುತ್ತವೆ. ಪೆಟ್ರೋಲಿಯಂ ಶುದ್ಧೀಕರಣದ ಕೊನೆಯಲ್ಲಿ ಉಳಿಯುವ ಡಾಂಬರಿನ ಸ್ವಭಾವವೂ ಈ ವಿಷಯದಲ್ಲಿ ಹಾಗೆಯೇ. ಇನ್ನೂ ಹಸಿಯಾಗಿರುವ ಎಣ್ಣೆಬಣ್ಣ ಮತ್ತು ವಾರ್ನಿಷಿನದೂ ಅದೇ. ಒಂದು ವಸ್ತು ತನ್ನ ಜಾತಿಯ ದ್ರವದಲ್ಲಿ ಕರಗುತ್ತದೆ ಎಂಬುದು ರಸಾಯನಶಾಸ್ತ್ರದ ಸರಳ ನಿಯಮ. ಈ ದೃಷ್ಟಿಯಿಂದ ಸೀಮೆಎಣ್ಣೆ, ತೆಂಗಿನೆಣ್ಣೆ ಎರಡೂ ಡಾಂಬರನ್ನು ಬಿಡಿಸಬಲ್ಲವು. ಸೀಮೆಎಣ್ಣೆ ಬೇಗ ಬಿಡಿಸುತ್ತದೆ, ತೆಂಗಿನೆಣ್ಣೆಗೆ ಹತ್ತು ಹದಿನೈದು ನಿಮಿಷ ಬೇಕು. ಹಾಗಿದ್ದರೆ ವ್ಯತ್ಯಾಸವೇನು?

ವ್ಯತ್ಯಾಸವಿರುವುದು ಚರ್ಮದಲ್ಲಿ. ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು. ಸತ್ತ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಜಿಡ್ಡಿನ ಅಂಶ ಗಾರೆ. ದೇಹದ ಬಹುಭಾಗದಲ್ಲಿ ಈ ಪದರ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪ. ಅಂಗೈ ಅಂಗಾಲುಗಳಲ್ಲಿ ಮಾತ್ರ ಹೆಚ್ಚು. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ವಿಷ ಒಳಗೆ ಬಾರದಂತೆ ತಡೆಯುವುದು ಈ ಗಾರೆಯೇ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್‌ಗಳು ಡಾಂಬರಿನ ಜೊತೆಗೆ ಇದನ್ನೂ ಕರಗಿಸಿ ಒಯ್ಯುತ್ತವೆ. ತೊಳೆದ ಮೇಲೆ ಚರ್ಮ ಬಿಳಿಚಿ ಒಣಗಿ ಕಾಣುವುದು ಅದಕ್ಕೇ. ದಿನವೂ ಹೀಗಾದರೆ ಕೈ ಬಿರಿಯುತ್ತದೆ, ತುರಿಸುತ್ತದೆ, ಕೆಂಪೇರಿ ಉರಿಯುತ್ತದೆ. ವೈದ್ಯರು ಇದನ್ನು ಸಂಪರ್ಕಜನ್ಯ ಚರ್ಮದುರಿತವೆಂದು ಗುರುತಿಸುತ್ತಾರೆ. ತೆಂಗಿನೆಣ್ಣೆ ಅಂಟನ್ನು ಸಡಿಲಿಸುತ್ತದೆ, ಆದರೆ ಚರ್ಮವನ್ನು ಹೀಗೆ ಬರಿದು ಮಾಡುವುದಿಲ್ಲ.

ಬಿರುಕು ಬಿಟ್ಟ ಗೋಡೆಯೊಳಗೆ ನುಗ್ಗುವುದೇನು ಎಂಬುದೂ ಮುಖ್ಯ. ಭಾರತದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ನಿಂತಿತು, ಆದರೆ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಅದರಲ್ಲಿ ಉಳಿದಿದೆ. ಥಿನ್ನರ್‌ಗಳಲ್ಲಿ ಸಾಮಾನ್ಯವಾಗಿರುವ ಟಾಲ್ಯೀನ್, ಜೈಲೀನ್‌ಗಳು ಉಸಿರಿನಿಂದಲೂ ಚರ್ಮದಿಂದಲೂ ದೇಹ ಸೇರುತ್ತವೆ. ಕಲ್ಲಿದ್ದಲಿನಿಂದ ಬರುವ ಟಾರಂತೂ ಪೆಟ್ರೋಲಿಯಂ ಡಾಂಬರಿಗಿಂತ ಹೆಚ್ಚು ಅಪಾಯಕಾರಿ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ ಅವರು ಹೊಗೆಗೂಡು ಗುಡಿಸುವವರ ಚರ್ಮದ ಕ್ಯಾನ್ಸರಿಗೂ ಮಸಿಗೂ ಇರುವ ಸಂಬಂಧವನ್ನು 1775ರಲ್ಲಿಯೇ ತೋರಿಸಿದ್ದರು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಅವರು ಮೊಲದ ಕಿವಿಗೆ ಕಲ್ಲಿದ್ದಲ ಟಾರನ್ನು ಮತ್ತೆ ಮತ್ತೆ ಬಳಿದು ಕ್ಯಾನ್ಸರ್ ಉಂಟಾಗುವುದನ್ನು ಪ್ರಯೋಗದಿಂದಲೇ ಸ್ಥಾಪಿಸಿದರು. ಕೈಗಂಟಿದ ಕಪ್ಪು ಕಲೆಯನ್ನು "ನಾಳೆ ಹೋದರಾಯಿತು" ಎಂದು ಬಿಡುವುದು ಆದುದರಿಂದ ಸರಿಯಲ್ಲ. ಆದರೆ ಅದನ್ನು ಬಿಡಿಸುವ ದಾರಿ ಇನ್ನೊಂದು ವಿಷವಾಗಬಾರದು.

ಅಂಟಿಗೊಂದು ಉಪಾಯ

ಎಲ್ಲ ಅಂಟಿಗೂ ಒಂದೇ ಮದ್ದಿಲ್ಲ. ಯಾವುದು ಅಂಟಿದೆ ಎಂದು ತಿಳಿದ ಮೇಲೆ ಕೈ ಹಾಕಬೇಕು.

ತಣ್ಣಗಿನ ಡಾಂಬರು, ಹಸಿ ಎಣ್ಣೆಬಣ್ಣ, ವಾರ್ನಿಷು, ಬಿಡದ ಸ್ಟಿಕ್ಕರ್ ಅಂಟು: ಮೊದಲು ಒಣಬಟ್ಟೆಯಿಂದ ಒರೆಸಬೇಕು. ಅನಂತರ ಅಡುಗೆಯ ಯಾವುದೇ ಎಣ್ಣೆಯನ್ನು ಧಾರಾಳವಾಗಿ ಸವರಿ ಹತ್ತು ನಿಮಿಷ ಬಿಟ್ಟು, ಬೆರಳಿನಿಂದ ತಿಕ್ಕಿ, ಮತ್ತೆ ಬಟ್ಟೆಯಿಂದ ಒರೆಸಬೇಕು. ಕಡಲೆಹಿಟ್ಟು ಅಥವಾ ತೌಡನ್ನು ಒಣದಾಗಿಯೇ ಉದುರಿಸಿ ಉಜ್ಜಿದರೆ ಜಿಡ್ಡನ್ನು ಅದು ಹೀರಿಕೊಳ್ಳುತ್ತದೆ. ಕೊನೆಗೆ ಸಾಬೂನು, ಉಗುರುಬೆಚ್ಚನೆಯ ನೀರು. ಸಾಬೂನು ಇಲ್ಲದಲ್ಲಿ ಅಂಟುವಾಳದ ಕಾಯಿ ಸಾಕು. ಅದರ ನೊರೆ ಎಣ್ಣೆಯನ್ನು ನೀರಿನೊಂದಿಗೆ ಬೆರೆಸಿ ತೆಗೆಯುತ್ತದೆ. ಒಂದು ಸಲಕ್ಕೆ ಹೋಗದಿದ್ದರೆ ಎರಡನೆಯ ಸಲ, ಅಷ್ಟೆ. ಮರಳು, ಇಟ್ಟಿಗೆಪುಡಿ, ತಂತಿಬ್ರಷ್ಷು ಬೇಡ.

ಪೂರ್ತಿ ಒಣಗಿದ ಎಣ್ಣೆಬಣ್ಣ: ಇದು ಗಾಳಿಯೊಡನೆ ಸೇರಿ ಗಟ್ಟಿಯಾದ ಪೊರೆ, ಎಣ್ಣೆಗೆ ಕರಗದು. ಎಣ್ಣೆಯಲ್ಲಿ ನೆನೆದು ಸಡಿಲಗೊಂಡಷ್ಟನ್ನು ತೆಗೆಯಬೇಕು. ಉಳಿದದ್ದನ್ನು ಚರ್ಮವೇ ಕಳಚುತ್ತದೆ. ಅದರ ಹೊರಪದರ ಸುಮಾರು ಎರಡು ವಾರಗಳಲ್ಲಿ ಉದುರಿ ಹೊಸದಾಗುತ್ತದೆ.

ಗೋಡೆಯ ಎಮಲ್ಷನ್ ಬಣ್ಣ, ಬಡಗಿಯ ಬಿಳಿ ಅಂಟು: ಇವು ನೀರಿನಲ್ಲಿ ತಯಾರಾದವು. ಬೆಚ್ಚನೆಯ ನೀರು, ಸಾಬೂನು ಸಾಕು. ಥಿನ್ನರ್ ಬಳಸುವುದು ಅರ್ಥವಿಲ್ಲದ ಕೆಲಸ.

ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು: ಬೆರಳುಗಳು ಒಂದಕ್ಕೊಂದು ಅಂಟಿದರೆ ಎಳೆಯಬಾರದು, ಚರ್ಮ ಕಿತ್ತು ಬರುತ್ತದೆ. ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಹೊರಳಿಸಿ ಬಿಡಿಸಬೇಕು. ಹತ್ತಿಬಟ್ಟೆಯಿಂದ ಒರೆಸಲೇಬಾರದು, ಹತ್ತಿ ಮತ್ತು ಈ ಅಂಟು ಸೇರಿದಾಗ ಸುಡುವಷ್ಟು ಶಾಖ ಹುಟ್ಟುತ್ತದೆ. ಕಣ್ಣಿನ ಹತ್ತಿರ ಅಂಟಿದರೆ ಮನೆಮದ್ದಿಲ್ಲ, ಆಸ್ಪತ್ರೆಯೇ ದಾರಿ.

ಎರಡು ಮುದ್ದೆ ಬೆರೆಸುವ ಎಪಾಕ್ಸಿ: ಇದನ್ನು ದ್ರಾವಕದಿಂದ ತೊಳೆಯಬಾರದು, ದ್ರಾವಕ ಅದನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಗಟ್ಟಿಯಾಗುವ ಮುಂಚೆ ಒಣಬಟ್ಟೆಯಿಂದ ಒರೆಸಿ ಸಾಬೂನಿನಿಂದ ತೊಳೆಯಬೇಕು. ಎಪಾಕ್ಸಿಯ ಅಲರ್ಜಿ ಒಮ್ಮೆ ಹತ್ತಿದರೆ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುವಂಥದು. ಇಲ್ಲಿ ನೈಟ್ರೈಲ್ ಕೈಗವಸೇ ಸರಿಯಾದ ರಕ್ಷಣೆ.

ಗೇರೆಣ್ಣೆ: ಗೇರುಬೀಜದ ಸಿಪ್ಪೆಯ ಈ ಎಣ್ಣೆ ಮರಕ್ಕೆ ಒಳ್ಳೆಯದು, ಚರ್ಮಕ್ಕೆ ಶತ್ರು. ಇದರಲ್ಲಿನ ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳು ಬೊಕ್ಕೆ ಎಬ್ಬಿಸುತ್ತವೆ. ಕಾಡಿನ ಕರಿಗೇರಿನ ಸೊನೆ ತಾಗಿದವರಿಗೆ ಈ ಉರಿಯ ಪರಿಚಯವಿದೆ. ಅದೂ ಇದೇ ಕುಟುಂಬದ ಮರ. ಗೇರುಬೀಜ ಒಡೆಯುವ ಹೆಂಗಸರು ಕೈಗೆ ಮೊದಲೇ ಬೂದಿ ಅಥವಾ ಎಣ್ಣೆ ಹಚ್ಚಿಕೊಳ್ಳುವ ರೂಢಿ ಇದಕ್ಕಾಗಿಯೇ ಹುಟ್ಟಿತು. ತಾಗಿದ ಮೇಲೆ ಮಾತ್ರ ಎಣ್ಣೆ ಹಚ್ಚಿ ಕಾಯುವಂತಿಲ್ಲ. ಅದು ವಿಷವನ್ನು ಸುತ್ತಲಿನ ಚರ್ಮಕ್ಕೂ ಹರಡುತ್ತದೆ. ಕೂಡಲೇ ಒರೆಸಿ, ಸಾಬೂನು ಹಾಕಿ, ಸಾಕಷ್ಟು ನೀರಿನಲ್ಲಿ ತೊಳೆಯಬೇಕು.

ಕಲೆಯಲ್ಲ, ಅಪಾಯ

ಮೂರು ಸಂದರ್ಭಗಳಲ್ಲಿ ಕಲೆಯ ಚಿಂತೆಯನ್ನು ಬಿಟ್ಟು ಪ್ರಾಣದ ಚಿಂತೆ ಮಾಡಬೇಕು.

ಮೊದಲನೆಯದು ಕಾದ ಡಾಂಬರು. ಅದು ನೀರು ಕುದಿಯುವ ಶಾಖವನ್ನೂ ಮೀರಿ ಕಾದಿರುತ್ತದೆ. ಮೈಮೇಲೆ ಬಿದ್ದರೆ ಕೀಳಬಾರದು, ಎಣ್ಣೆಯನ್ನೂ ಹಚ್ಚಬಾರದು. ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಟ್ಟು, ಅಂಟಿದ ಡಾಂಬರನ್ನು ಹಾಗೆಯೇ ಇರಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದನ್ನು ಬಿಡಿಸುವುದು ಅವರ ಕೆಲಸ.

ಎರಡನೆಯದು ಬೆಂಕಿ. ಮಲೆನಾಡಿನ ಬಚ್ಚಲಿನಲ್ಲಿ ಹಂಡೆಯ ಒಲೆ ಸಂಜೆಗೆ ಉರಿಯುತ್ತಲೇ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದುದ್ದಕ್ಕೂ ಹರಿದು ಒಲೆಯ ಬಾಯನ್ನು ತಲುಪುತ್ತದೆ. ಪೆಟ್ರೋಲು ಸವರಿದ ಕೈಗಳೊಂದಿಗೆ ಆ ಬಚ್ಚಲಿಗೆ ಹೋಗುವುದೆಂದರೆ ಕೈಯನ್ನೇ ಬತ್ತಿಯಾಗಿ ಒಡ್ಡಿದಂತೆ. ಅಗಸೆ ಎಣ್ಣೆ ಅಥವಾ ವಾರ್ನಿಷು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.

ಮೂರನೆಯದು ಹಳೆಯ ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರಕಾರ 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಣ್ಣ ಕಂಡ ಕಿಟಕಿಯನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಕೈಯಿಂದ ಬಾಯಿಗೆ, ಬಟ್ಟೆಯಿಂದ ಮಗುವಿಗೆ ಅದು ದಾಟುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಹಾನಿಕರ. ಒದ್ದೆ ಮಾಡಿ ಉಜ್ಜುವುದು, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸುವುದು ಇದಕ್ಕೆ ತಕ್ಕ ಎಚ್ಚರಿಕೆಗಳು.

ತೊಳೆದದ್ದು ಎಲ್ಲಿಗೆ?

ಕೈ ಸ್ವಚ್ಛವಾಯಿತೆಂದರೆ ಕೊಳೆ ಇಲ್ಲವಾಯಿತೆಂದಲ್ಲ, ಜಾಗ ಬದಲಿಸಿತೆಂದು ಮಾತ್ರ ಅರ್ಥ. ನಿಂತ ನೀರಿಗೆ ಸೀಮೆಎಣ್ಣೆ ಸುರಿದು ಸೊಳ್ಳೆಯ ಮರಿಗಳನ್ನು ಕೊಲ್ಲುವ ಕ್ರಮ ಹಳೆಯದು. ಎಣ್ಣೆ ತೆಳುಪೊರೆಯಾಗಿ ಹರಡಿ ಅವುಗಳ ಉಸಿರನ್ನು ಕಟ್ಟುತ್ತದೆ. ಆ ಪೊರೆಗೆ ಸೊಳ್ಳೆ ಯಾವುದು, ಉಸಿರಿಗಾಗಿ ಮೇಲೆ ಬರುವ ಇತರ ಜಲಕೀಟ ಯಾವುದು ಎಂಬ ಭೇದವಿಲ್ಲ. ಕಪ್ಪೆಗಳು ಚರ್ಮದಿಂದಲೂ ಉಸಿರಾಡುತ್ತವೆ, ಚರ್ಮದಿಂದಲೇ ನೀರನ್ನು ಹೀರುತ್ತವೆ. ಮನುಷ್ಯನ ಕೈಗಿರುವಷ್ಟು ಗಟ್ಟಿಯಾದ ಗೋಡೆಯೂ ಅವುಗಳಿಗಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಜಾತಿಯ ಕಪ್ಪೆಗಳು ಪ್ರಪಂಚದ ಬೇರೆಲ್ಲಿಯೂ ಇಲ್ಲ. ಅವುಗಳಲ್ಲಿ ಅನೇಕವು ಮೊದಲ ಮಳೆಗೆ ಹಳ್ಳ ಹೊಂಡಗಳಿಗೆ ಇಳಿಯುತ್ತವೆ. ಮನೆ ರಿಪೇರಿಯ ಕೊಳೆ ತೊಳೆದು ಬರುವುದೂ ಅದೇ ಮೊದಲ ಮಳೆಯಲ್ಲಿ.

ಆದುದರಿಂದಲೇ ಒಣದಾಗಿ ಒರೆಸುವುದಕ್ಕೆ ಇಷ್ಟು ಒತ್ತು. ಬಟ್ಟೆಗೆ, ಮರದ ಹೊಟ್ಟಿಗೆ ಹೋದಷ್ಟೂ ಅಂಟು ನೀರಿಗೆ ಹೋಗುವುದು ತಪ್ಪುತ್ತದೆ. ಆ ಬಟ್ಟೆಯನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಒಲೆಗೂ ಹಾಕಬಾರದು. ಬಣ್ಣದ ಡಬ್ಬಿಗಳಂತಹ ಕಸವನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದೇ ಬೇರೆಯಾಗಿ ಗುರುತಿಸಿದವು. ಒಣಗಿದ ಬಟ್ಟೆ, ಖಾಲಿ ಡಬ್ಬಿಗಳನ್ನು ಬೇರೆ ಇಟ್ಟು, ಪಂಚಾಯತಿಯ ಕಸದ ಗಾಡಿ ಬಂದಾಗ ಬೇರೆಯಾಗಿಯೇ ಒಪ್ಪಿಸಬೇಕು. ಗಾಡಿ ಬಾರದ ಊರಿನವರು ಅದನ್ನು ಗ್ರಾಮಸಭೆಯಲ್ಲಿ ಕೇಳಬೇಕು.

ಅರ್ಧ ಲೋಟ ಎಣ್ಣೆ

ಕೊನೆಯದಾಗಿ ಒಂದು ಮಾತು. ಮನೆಯವರ ಕೈಗೆ ಡಾಂಬರು ಅಂಟುವುದು ವರ್ಷಕ್ಕೊಂದು ದಿನ. ಮಾಡು ಹತ್ತುವ ಆಳಿಗೆ ಮಳೆಗಾಲದ ಮುಂಚಿನ ಒಂದೆರಡು ತಿಂಗಳು ಅದು ದಿನನಿತ್ಯದ ಪಾಡು. ಅದೇ ಬಿರಿದ ಕೈಯಿಂದ ಆತ ಮನೆಗೆ ಹೋಗಿ ಅನ್ನ ಕಲಸಬೇಕು, ಮಗುವಿನ ತಲೆ ಸವರಬೇಕು. ಸಂಜೆ ಪೆಟ್ರೋಲು ಕೊಡುವ ಬದಲು ಬೆಳಿಗ್ಗೆ ಕೆಲಸಕ್ಕೆ ಮುನ್ನ ಎಣ್ಣೆ ಕೊಡುವುದು ಯಜಮಾನರಿಂದ ಆಗದ ಕೆಲಸವಲ್ಲ. ಅರ್ಧ ಲೋಟ ತೆಂಗಿನೆಣ್ಣೆ, ಒಂದು ಜೊತೆ ಕೈಗವಸು, ಎರಡು ಹಳೆಯ ಬಟ್ಟೆ, ಒಂದು ಬಟ್ಟಲು ತೌಡು, ಒಂದು ಸಾಬೂನು. ಡಾಂಬರಿನ ಡಬ್ಬಿಯ ಪಕ್ಕದಲ್ಲಿ ಇವೂ ಇದ್ದರೆ ಮಾತ್ರ ರಿಪೇರಿಯ ಸಾಮಾನು ಪೂರ್ತಿಯಾಯಿತೆಂದು ತಿಳಿಯಬೇಕು.

ಹಲಸು ಕೊಯ್ಯುವಾಕೆ ಕತ್ತಿಗಿಂತ ಮೊದಲು ಎಣ್ಣೆಯನ್ನು ನೆನೆಯುತ್ತಾಳೆ. ಈ ಮಳೆಗಾಲದ ಮುಂಚೆ ಆ ಎಣ್ಣೆಯ ಪಾತ್ರೆ ಅಡುಗೆಮನೆಯ ಹೊಸಿಲು ದಾಟಿ ಅಂಗಳಕ್ಕೆ ಬರಲಿ.